ದುಶ್ಚಟಗಳಿಲ್ಲದ ಕಂಪ್ಯೂಟರ್

"ಇಷ್ಟು ವರ್ಷ ಮನುಷ್ಯರನ್ನೇ ಅಳೆದು ತೂಗಿ ಆರಿಸಿದವನು ನಾನು. ಒಂದು ಹಳೇ ಡಬ್ಬ ಆರಿಸೋದು ಯಾವ ಮಹಾ ಕೆಲಸ!"

ಹೀಗೆಂದು ನಾನು ಘೋಷಿಸಿದ್ದು ಎರಡು ಸಾವಿರದ ನಾಲ್ಕನೇ ಇಸವಿಯ ಒಂದು ಶನಿವಾರ, ಮದರಾಸಿನ ತಿರುವಲ್ಲಿಕ್ಕೇಣಿಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಿಂತು. ಮಾತು ಬರೀ ಜಂಬದ್ದಲ್ಲ, ಹಿಂದೆ ಅನುಭವವೂ ಇತ್ತು. ಜೀವ ವಿಮೆಯ ಕಚೇರಿಯಲ್ಲಿ ಯಾರ ಜೀವಕ್ಕೆ ವಿಮೆ ಕೊಡಬಹುದು, ಯಾರ ಜೀವಕ್ಕೆ ಕೂಡದು ಎಂದು ತೀರ್ಮಾನಿಸುವ ಮೇಜು ನನ್ನದು. ಎಣ್ಣೂರಿನಿಂದ ತಾಂಬರದವರೆಗಿನ ಸಕ್ಕರೆ ಕಾಯಿಲೆಗಳೂ ರಕ್ತದೊತ್ತಡಗಳೂ ನನ್ನ ಒಂದು ರುಜುವಿಗಾಗಿ ಕೈಕಟ್ಟಿ ಕಾದಿವೆ! ಅಂಥವನ ಮುಂದೆ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತನ್ನ ರೋಗ ಮುಚ್ಚಿಟ್ಟುಕೊಂಡೀತೇ?

ಕಂಪ್ಯೂಟರ್ ಬೇಕಾಗಿದ್ದದ್ದು ನನ್ನ ಹೆಂಡತಿ ಜಲಜಾಗೆ. ಅವಳು ಮನೆಯೊಳಗಿನ ವಿನ್ಯಾಸದ ತರಗತಿಗೆ ಸೇರಿ, ಹುಡುಗಿಯರ ಮಧ್ಯೆ ಕೂತು ಕಲಿತು, ಕೊನೆಗೆ ಸ್ಪರ್ಧೆಯಲ್ಲಿ ಮೊದಲನೆಯವಳಾಗಿಬಿಟ್ಟಿದ್ದಳು. ಬಹುಮಾನ ಒಂದು ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಎಂದರೆ ಕಾಗದದ್ದಲ್ಲ. ಹಸಿರು ಹಲಗೆ, ಅದರ ಮೇಲೊಂದು ಪುಟ್ಟ ಫ್ಯಾನು. ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿದರೆ ಪರದೆಯ ಮೇಲೆ ಬರೆದ ಮನೆಯೊಳಗೆ ನಡೆದಾಡಬಹುದಂತೆ. ನಮ್ಮ ಮನೆಯ ಕಂಪ್ಯೂಟರೋ, ಅದನ್ನು ಸಿಕ್ಕಿಸುವ ಜಾಗವೇ ಇಲ್ಲದಷ್ಟು ಹಳೆಯದು. ಜಲಜಾ ಅದರಲ್ಲಿ ಒಂದು ನಲ್ಲಿಯ ಚಿತ್ರ ತೆರೆದರೆ, ನಲ್ಲಿ ಪೂರ್ತಿ ಮೂಡುವಷ್ಟರಲ್ಲಿ ನಮ್ಮ ಬೀದಿಗೆ ನೀರಿನ ಲಾರಿ ಬಂದು ಹೋಗುತ್ತಿತ್ತು!

ಅವಸರಕ್ಕೂ ಕಾರಣವಿತ್ತು. ಪುರಸೈವಾಕ್ಕಂನಲ್ಲಿ ಅಡುಗೆಮನೆಯ ಕಪಾಟು ಕಟ್ಟೆಗಳನ್ನು ಮಾಡಿಕೊಡುವ ದೊಡ್ಡ ಅಂಗಡಿ ಶಂಕರನಾರಾಯಣ ಅವರದು. ಮೂಲ ಕಾಸರಗೋಡು. ನಮ್ಮೊಡನೆ ಕನ್ನಡವೇ, ಒಗ್ಗರಣೆಗೆ ತಮಿಳು. ಅವರು ಜಲಜಾಗೆ ಹೇಳಿದ್ದರು: "ಬರೋ ಶುಕ್ರವಾರ ಒಂದು ಅಡುಗೆಮನೆ ಮಾಡಿ ತೋರಿಸಿಯಮ್ಮಾ, ಒಳಗೆ ಹೋಗಿ ಬಂದ ಹಾಗಿರ್ಬೇಕು. ಪಿಡಿಸಿದ್ರೆ, ಇಷ್ಟ ಆದ್ರೆ, ಅಂಗಡಿ ಡಿಸೈನೆಲ್ಲ ನಿಮ್ಮದೇ. ಇಲ್ಲಾಂದ್ರೆ ಶನಿವಾರ ಇನ್ನೊಬ್ಬರು ಬರ್ತಾರೆ."

ಅಷ್ಟೇ, ಜಲಜಾ ಸಾರಿಗೆ ಉಪ್ಪು ಹಾಕುವಾಗಲೂ ಆ ಅಡುಗೆಮನೆಯನ್ನೇ ಧ್ಯಾನಿಸತೊಡಗಿದಳು. ಮದುವೆಯಾದ ಮೇಲೆ ತನಗಾಗಿ ಅವಳು ಏನನ್ನಾದರೂ ಇಷ್ಟು ಆಸೆಪಟ್ಟದ್ದನ್ನು ನಾನು ನೋಡಿರಲಿಲ್ಲ. ಅದಕ್ಕೇ ನಾನು ಸೊಂಟ ಕಟ್ಟಿ ನಿಂತದ್ದು.

ಅವತ್ತು ಅವಳಿಗೆ ತರಗತಿ ಇತ್ತು. ಹೊರಡುವಾಗ ಕಾರ್ಡಿನ ಡಬ್ಬವನ್ನು ನನ್ನ ಕೈಗಿಟ್ಟು ಹೇಳಿದಳು: "ರೀ, ಇದನ್ನ ಜೊತೇಲೇ ತಗೊಂಡ್ಹೋಗಿ. ಅಲ್ಲೇ ಹಾಕಿ ನೋಡಿ, ಆಮೇಲೆ ತಗೊಳ್ಳಿ."

"ಹುಡುಗಿ ನೋಡೋಕೆ ಹೋಗೋವಾಗ ಯಾರಾದ್ರೂ ತಾಳಿ ಜೇಬಲ್ಲಿಟ್ಕೊಂಡು ಹೋಗ್ತಾರೇನೇ?" ಎಂದು ನಕ್ಕು, ಡಬ್ಬವನ್ನು ಬೀರುವಿನ ಮೇಲಿಟ್ಟು, ಬರಿಗೈಯಲ್ಲಿ ಹೊರಟೆ.

ಹಳೇ ಕಂಪ್ಯೂಟರ್ ಬೇಕೆಂದರೆ ಮದರಾಸಿನಲ್ಲಿ ರಿಚಿ ಸ್ಟ್ರೀಟ್. ಅಲ್ಲಿ ಒಂದು ಮೆಟ್ಟಿಲಿನ ಕೆಳಗಿನ ಅಂಗಡಿಯಲ್ಲಿ ನಾಗರಾಜ ಸಿಕ್ಕಿದ. ಹೊಸೂರಿನವನು, ನನ್ನ ತಮಿಳು ಕೇಳಿದ ಕೂಡಲೇ ಕನ್ನಡಕ್ಕೆ ಬಂದುಬಿಟ್ಟ.

"ವಾಂಗ ಸಾರ್! ಗ್ರಾಫಿಕ್ಸ್ ಕಾರ್ಡ್ ಹಾಕೋಕಾ? ಎಲ್ಲಾ ಇದೆ. ನೋಡಿ, ಇದೇ ಕರೆಕ್ಟು!"

ನಾನು ಮೊದಲನೆಯ ಅಭ್ಯರ್ಥಿಯ ಎದುರು ಕುರ್ಚಿ ಹಾಕಿಸಿಕೊಂಡು ಕೂತೆ. "ವಯಸ್ಸು?"

"ನನಗಾ ಸಾರ್?"

"ಇದಕ್ಕೆ!"

"ಮೂರು ವರ್ಷ ಇರ್ಬೋದು."

"ಹಿಂದಿನ ಉದ್ಯೋಗ?"

"ಬ್ರೌಸಿಂಗ್ ಸೆಂಟರ್‌ನಲ್ಲಿತ್ತು."

"ಛೆ ಛೆ! ಕಂಡಕಂಡವರ ಸಹವಾಸ. ಯಾರ ಯಾರ ವೈರಸ್ ಅಂಟಿದೆಯೋ! ರಿಜೆಕ್ಟೆಡ್."

ಎರಡನೆಯದು ಕರ್ರಗೆ, ಮೇಕೆಯಷ್ಟು ಎತ್ತರಕ್ಕಿತ್ತು. ಗುಂಡಿ ಒತ್ತಿದರೆ ಒಳಗಿನ ಫ್ಯಾನುಗಳು ಗೊರಗೊರ ಎಂದವು. ಕೋಡಂಬಾಕ್ಕಂನ ಅನಿಮೇಷನ್ ಸ್ಟುಡಿಯೋದಿಂದ ಬಂದದ್ದಂತೆ.

"ಇದೇ ಕರೆಕ್ಟು ಸಾರ್! ಒಳಗೆ ಬೇಕಾದಷ್ಟು ಜಾಗ. ರಾತ್ರಿ ಹಗಲು ನಿಲ್ಲದೆ ಓಡಿರೋ ಗಾಡಿ!"

"ರಾತ್ರಿ ಹಗಲು? ನಿದ್ದೆಯಿಲ್ಲ, ಹೊತ್ತಿಗೆ ಸರಿಯಾಗಿ ವಿಶ್ರಾಂತಿಯಿಲ್ಲ, ಮೈಯೋ ಬೊಜ್ಜು. ಉಸಿರಾಟ ಕೇಳು, ಶುದ್ಧ ಆಸ್ತಮಾ! ಇಂಥವರಿಗೆ ಪಾಲಿಸಿ ಕೊಟ್ಟರೆ ನಮ್ಮ ಕಚೇರಿ ಮುಳುಗಿಹೋಗುತ್ತೆ."

ನಾಗರಾಜ ಬೆರಗಾಗಿ ನನ್ನನ್ನೇ ನೋಡಿದ. ಆಗ ಮೂಲೆಯಲ್ಲಿ ಅದು ಕಣ್ಣಿಗೆ ಬಿತ್ತು. ತೆಳ್ಳಗೆ, ಬೆಳ್ಳಗೆ, ಚಪ್ಪಟೆಯಾಗಿ, ಮೌನವಾಗಿ, ಒಳ್ಳೇ ಮನೆತನದ ಹುಡುಗನ ಹಾಗೆ ಕೂತಿತ್ತು. ಹಣೆಯಲ್ಲಿ ಕುಂಕುಮ ಬೇರೆ!

"ಹಿಂದಿನ ಉದ್ಯೋಗ?"

"ಪ್ಯಾರೀಸ್ ಕಾರ್ನರ್‌ನಲ್ಲಿ ಒಂದು ಹಡಗಿನ ಕಂಪನಿ ಸಾರ್. ಮ್ಯಾನೇಜಿಂಗ್ ಡೈರೆಕ್ಟರ್ ಟೇಬಲ್ ಮೇಲಿತ್ತು."

"ದುಡಿಮೆ?"

"ದುಡಿಮೆನಾ? ಆಯುಧ ಪೂಜೆ ದಿನ ಮಾತ್ರ ಆನ್ ಮಾಡ್ತಿದ್ರಂತೆ. ಇದೇ ಕರೆಕ್ಟು ಸಾರ್!"

ನನ್ನ ರೋಮ ರೋಮವೂ ಪುಲಕಗೊಂಡಿತು. ಹವಾನಿಯಂತ್ರಿತ ಕೋಣೆಯಲ್ಲಿ ವಾಸ, ದೊಡ್ಡವರ ಸಹವಾಸ, ದುಶ್ಚಟ ಒಂದೂ ಇಲ್ಲ, ಮೈ ದಣಿದಿಲ್ಲ, ವರ್ಷಕ್ಕೊಮ್ಮೆ ಪೂಜೆ! ಇಂಥ ನಿಷ್ಕಳಂಕ ಜೀವ ನನ್ನ ಮೇಜಿಗೆ ಒಂದು ದಿನವೂ ಬಂದಿರಲಿಲ್ಲ. "ಕಾರ್ಡ್ ಹಾಕೋ ಸ್ಲಾಟ್ ಇದೆಯೇನಯ್ಯಾ?" ಎಂದೆ, ಕೇಳಬೇಕಲ್ಲ ಎಂದು. "ಇದೆ ಸಾರ್!" ಎಂದ. ಸುಳ್ಳಲ್ಲ. ಇತ್ತು. ಆಟೋದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಹಳ್ಳ ಬಂದಾಗಲೆಲ್ಲ ಡ್ರೈವರನನ್ನು ಗದರಿಸುತ್ತ, ದಿಗ್ವಿಜಯ ಮುಗಿಸಿದ ದೊರೆಯಂತೆ ಮನೆಗೆ ಬಂದೆ.

ಜಲಜಾ ಅದನ್ನು ಸುತ್ತಲೂ ನೋಡಿದಳು. "ಇದು ಕಂಪ್ಯೂಟರಾ, ಬಿಸ್ಕತ್ ಡಬ್ಬಾನಾ?"

"ತೆಳ್ಳಗಿರೋದು ಆರೋಗ್ಯದ ಲಕ್ಷಣ ಕಣೇ!"

ಅವಳು ಮುಚ್ಚಳ ಬಿಚ್ಚಿದಳು. ಸ್ಲಾಟ್ ಇತ್ತು! ನಾನು ಮೀಸೆ ತಿರುವಿದೆ. ಅವಳು ಕಾರ್ಡನ್ನು ಅದರಲ್ಲಿ ಸಿಕ್ಕಿಸಿದಳು. ಕಾರ್ಡ್ ಸ್ಲಾಟಿನಲ್ಲಿ ಕೂತದ್ದೇನೋ ನಿಜ. ಆದರೆ ಪೆಟ್ಟಿಗೆಯ ಗೋಡೆ ಅದರ ಸೊಂಟಕ್ಕೆ ಬಂದಿತ್ತು. ಉಳಿದರ್ಧ, ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿದವನ ಹಾಗೆ, ಹೊರಗೇ ನಿಂತಿತ್ತು.

"ಈಗ ಮುಚ್ಚಳ ಹಾಕಿ ತೋರಿಸಿ," ಎಂದಳು.

"ಮುಚ್ಚಳ ಯಾಕೆ? ಗಾಳಿಯಾಡ್ಲಿ!"

"ಕಾರ್ಡ್ ತಗೊಂಡ್ಹೋಗಿ ಅಂತ ಹೇಳಿದ್ನೋ ಇಲ್ವೋ?"

ಸೋಮವಾರ ಆಫೀಸಿನಿಂದ ನೇರವಾಗಿ ರಿಚಿ ಸ್ಟ್ರೀಟಿಗೆ ಹೋದೆ. ನಾಗರಾಜ ಬದಲಾಯಿಸಿ ಕೊಡಲು ಸಿದ್ಧನೇ. ಆದರೆ ಆಸ್ತಮಾದವನು ಆಗಲೇ ಮದುವೆ ವಿಡಿಯೋ ಮಾಡುವವನೊಬ್ಬನ ಜೊತೆ ಹೋಗಿಯಾಗಿತ್ತು. ಬ್ರೌಸಿಂಗ್ ಸೆಂಟರಿನವನೂ ಇರಲಿಲ್ಲ. ಅಂಗಡಿಯಲ್ಲಿ ಉಳಿದದ್ದು ಅದೇ ಹಡಗಿನ ಕಂಪನಿಯ ಇನ್ನಷ್ಟು ತೆಳ್ಳನೆಯ ತಮ್ಮಂದಿರು. "ಎಲ್ಲಾ ಕರೆಕ್ಟು ಸಾರ್!" ಎಂದ. ಬಜೆಟ್ಟಿಗೆ ಹೊಂದುವ ಇನ್ನೊಂದು ಇಡೀ ಬೀದಿಯಲ್ಲಿ ಸಿಗಲಿಲ್ಲ.

ಮನೆಗೆ ಬಂದು ಗಂಭೀರವಾಗಿ ಪ್ರಕಟಿಸಿದೆ: "ಮುಚ್ಚಳವಿಲ್ಲದೇ ನಡೆಸೋಣ. ಇದು ನನ್ನ ತೀರ್ಮಾನ."

"ನಾನು ಬೆಳಿಗ್ಗೇನೇ ಹಂಗೆ ಜೋಡಿಸಾಯ್ತು," ಎಂದಳು ಜಲಜಾ. ಕಾರ್ಡಿನ ಬೆನ್ನಿಗಿದ್ದ ತಗಡಿನ ಪಟ್ಟಿಯನ್ನೂ ಬಿಚ್ಚಿ ತೆಗೆದಿದ್ದಳು. ಪರದೆ ಹತ್ತಿತು! ಜಯಭೇರಿ ಬಾರಿಸಲು ನಾನು ಬಾಯಿ ತೆರೆದೆ. ಅವಳು ತನ್ನ ಅಡುಗೆಮನೆಯ ಚಿತ್ರ ತೆರೆದಳು. ಪರದೆ ಕಪ್ಪಾಯಿತು. ನಾನು ಬಾಯಿ ಮುಚ್ಚಿದೆ.

ತರಗತಿಯ ಮೇಡಂಗೆ ಫೋನು ಮಾಡಿದಾಗ ರೋಗ ತಿಳಿಯಿತು. ಒಳಗೆ ಕರೆಂಟು ಹಂಚುವ ಡಬ್ಬಿಯೊಂದು ಇರುತ್ತದಲ್ಲ, ಈ ತೆಳ್ಳನೆಯ ಮಹಾಶಯನದು ತೀರ ಚಿಕ್ಕದಂತೆ. ತನ್ನ ಹೊಟ್ಟೆಗೆ ಸಾಕಾಗುವಷ್ಟೇ. ಹೊಸದಾಗಿ ಬಂದ ಕಾರ್ಡಿಗೆ ಬಡಿಸಲು ಅದರ ಬಳಿ ಏನೂ ಇರಲಿಲ್ಲ. ಜಲಜಾ ನಮ್ಮ ಹಳೇ ಕಂಪ್ಯೂಟರಿನ ಕರೆಂಟು ಡಬ್ಬಿಯನ್ನು ಕಿತ್ತು, ಹೊರಗಿನಿಂದಲೇ ಕಾರ್ಡಿಗೆ ವೈರು ಕೊಟ್ಟಳು.

"ಅಂಗದಾನ!" ಎಂದೆ ಕೈಮುಗಿದು. "ನಮ್ಮ ಹಳೆಯದು ಎಂಥ ಪುಣ್ಯಾತ್ಮ!"

"ಸ್ವಲ್ಪ ಆ ಕಡೆ ನಿಂತ್ಕೋತೀರಾ? ಬೆಳಕಿಗೆ ಅಡ್ಡ ಬರ್ತಿದೀರಿ."

ಚಿತ್ರ ಬಂತು! ಆದರೆ ಕಾರ್ಡು ಕಾದು ಹೆಂಚಾಯಿತು. ಮುಟ್ಟಿ ನೋಡಿದ ನನ್ನ ಬೆರಳೂ ಅದನ್ನು ದೃಢಪಡಿಸಿತು. ಹಾಗಾಗಿ ಟೇಬಲ್ ಫ್ಯಾನು ಬಂತು. ಫ್ಯಾನಿನ ಗಾಳಿಗೆ ಕಾರ್ಡು ಅಲ್ಲಾಡದಿರಲಿ ಎಂದು ಎರಡು ಪಕ್ಕಕ್ಕೂ ಜೀರಿಗೆ ಡಬ್ಬಿ, ಮೆಂತ್ಯದ ಡಬ್ಬಿ ಬಂದವು. ಇಷ್ಟಕ್ಕೆಲ್ಲ ಪ್ಲಗ್ ಸಾಲದೆ ಉದ್ದುದ್ದ ವೈರುಗಳು ಬಂದವು. ಬುಧವಾರದ ಹೊತ್ತಿಗೆ ನಮ್ಮ ನಡುಮನೆ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗಾಗಿತ್ತು.

ಆಗ ನನ್ನ ತಾಯಿ ಭೀಮಾಬಾಯಿ ಬಚ್ಚಲಿನಿಂದ ಬಂದರು. ಸ್ನಾನ ಮುಗಿಸಿ, ಒದ್ದೆ ಸೀರೆಯಲ್ಲಿ, ಮಡಿಯಲ್ಲಿ, ಯಾರನ್ನೂ ಯಾವುದನ್ನೂ ತಾಕಿಸಿಕೊಳ್ಳದೆ ಅಡುಗೆಮನೆಗೆ ಹೋಗಬೇಕಾದವರು. ವೈರುಗಳನ್ನು ಕಂಡು ನಿಂತಲ್ಲೇ ನಿಂತರು.

"ಪ್ರಸಾದಾ! ಇದೇನೋ ಇದು? ನಾನು ಒದ್ದೇಲಿ, ನಿನ್ನ ಕರೆಂಟು ನೆಲದಲ್ಲಿ. ನನ್ನನ್ನ ಇವತ್ತೇ ವೈಕುಂಠಕ್ಕೆ ಕಳಿಸೋ ಯೋಚನೆಯೇನೋ?"

ಆ ಕ್ಷಣದಲ್ಲಿ ನನಗೆ ಜ್ಞಾನೋದಯವಾಯಿತು. "ಅಮ್ಮಾ, ನಾಳೆ ಏಕಾದಶಿ!"

"ಅದಕ್ಕೆ?"

"ಒಲೆ ಹಚ್ಚೋ ಹಾಗಿಲ್ಲ, ಅಡುಗೆ ಮಾಡೋ ಹಾಗಿಲ್ಲ. ಅಡುಗೆಮನೆ ಇಡೀ ದಿನ ಖಾಲಿ! ಕಟ್ಟೆ ಇದೆ, ಪ್ಲಗ್ ಇದೆ. ನಾಳೆ ಬೆಳಿಗ್ಗೆ ಎಲ್ಲಾ ಅಲ್ಲಿಗೆ!"

ಅಮ್ಮ ಯೋಚಿಸಿ, "ಸರಿ, ಹೇಗೂ ಅಡುಗೆಮನೆಗೂ ಉಪವಾಸ," ಎಂದು ಒಪ್ಪಿದರು. ಜಲಜಾ ಕೂಡ ನನ್ನನ್ನು ಮೆಚ್ಚುಗೆಯಿಂದ ನೋಡಿದಳು. ಆ ನೋಟ ಅಪರೂಪದ್ದು, ಅದಕ್ಕೇ ಇಲ್ಲಿ ದಾಖಲಿಸುತ್ತಿದ್ದೇನೆ.

ಗುರುವಾರ ನಿರ್ಜಲ ಉಪವಾಸದಲ್ಲಿ ಜಲಜಾ ಬೆಳಗಿನಿಂದ ಸಂಜೆಯವರೆಗೆ ಒಲೆಯ ಪಕ್ಕ ಕೂತು ಇನ್ನೊಂದು ಅಡುಗೆಮನೆ ಕಟ್ಟಿದಳು. ಸಂಜೆ ನನ್ನನ್ನು ಕರೆದು ತೋರಿಸಿದಳು. ಬಾಗಿಲು ತೆರೆದುಕೊಂಡಿತು, ನಾವು ಒಳಗೆ ಹೋದೆವು, ಕಿಟಕಿಯ ಬಿಸಿಲು ಕಟ್ಟೆಯ ಮೇಲೆ ಬಿದ್ದಿತ್ತು! ಇಷ್ಟು ಚೆಂದದ್ದು ಇವಳ ತಲೆಯೊಳಗೆ ಇತ್ತಲ್ಲ, ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ನಾಳೆ ಇದನ್ನ ಪುರಸೈವಾಕ್ಕಂಗೆ ಹೇಗೆ ತಗೊಂಡ್ಹೋಗೋದು?" ಎಂದಳು.

ಇಬ್ಬರೂ ಅದನ್ನು ನೋಡಿದೆವು. ಎರಡು ಡಬ್ಬ, ಒಂದು ಫ್ಯಾನು, ಜೀರಿಗೆ, ಮೆಂತ್ಯ, ಬಿಡಿಸಲಾಗದ ವೈರು. ಜರುಗಿಸಿದರೆ ಮತ್ತೆ ಹತ್ತುತ್ತದೆ ಎಂಬ ಧೈರ್ಯ ಯಾರಿಗೂ ಇರಲಿಲ್ಲ. ನಾನು ಫೋನೆತ್ತಿದೆ.

"ಶಂಕರನಾರಾಯಣ ಸಾರ್, ನಮ್ಮ ಇಲಾಖೆಯಲ್ಲಿ ಸ್ಥಳ ಪರಿಶೀಲನೆ ಅಂತ ಒಂದು ಪದ್ಧತಿ. ನೀವೇ ಮನೆಗೆ ಬಂದು ನೋಡಿದರೆ ಉತ್ತಮ!"

"ಬರ್ಬೋದು. ಆದ್ರೆ ಅಂಗಡಿ ತೆಗೆಯೋಕೆ ಮುಂಚೆ, ಏಳಕ್ಕೆ ಬರ್ಲಾ?"

"ಧಾರಾಳವಾಗಿ!"

ಫೋನಿಟ್ಟು ಗೆಲುವಿನಿಂದ ತಿರುಗಿದೆ. ಅಮ್ಮ ಜಪದ ಮಣೆಯ ಮೇಲಿಂದ ಕೇಳಿದರು: "ಏಳಕ್ಕೆ ಯಾರು ಬರೋದು? ನಾಳೆ ದ್ವಾದಶಿ ಕಣೋ. ಏಳೂವರೆಯೊಳಗೆ ಪಾರಣೆ ಆಗ್ಬೇಕು. ನಾಲ್ಕಕ್ಕೇ ಎದ್ದು ಮಡಿಯುಟ್ಟು ಒಲೆ ಹಚ್ತೀನಿ ನಾನು."

ಉಪವಾಸ ಮುರಿಯುವ ಊಟ ಹೊತ್ತು ಮೀರುವಂತಿಲ್ಲ, ಅಮ್ಮ ಅದನ್ನು ಎಂದೂ ಮೀರಿದವರಲ್ಲ.

"ಏಕಾದಶಿ ಆದ್ಮೇಲೆ ದ್ವಾದಶಿ ಬರುತ್ತೆ ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದಳು ಜಲಜಾ, ತುಂಬಾ ಮೆಲ್ಲಗೆ.

"ಗೊತ್ತಿತ್ತು. ಮರುದಿನವೇ ಬರುತ್ತೆ ಅಂತ ಹೊಳೀಲಿಲ್ಲ!"

ಕೊನೆಗೆ ಅಮ್ಮನೇ ಸಂಧಾನಕ್ಕೆ ಬಂದರು. ಅಡುಗೆಕಟ್ಟೆಯ ನಟ್ಟನಡುವೆ ಒಂದು ಮಣೆ ನಿಲ್ಲಿಸಿ, "ಇದರಾಚೆ ನಿಮ್ಮ ಮೈಲಿಗೆ, ಈಚೆ ನನ್ನ ಮಡಿ. ಗಡಿ ದಾಟಿದ್ರೆ ನೋಡಿ ಮತ್ತೆ!" ಎಂದು ಒಪ್ಪಂದ ಮುಗಿಸಿದರು.

ಶುಕ್ರವಾರ ಏಳಕ್ಕೆ ಸರಿಯಾಗಿ ಶಂಕರನಾರಾಯಣರು ಬಂದರು. ಚಪ್ಪಲಿ ಬಿಟ್ಟು, ಅಡುಗೆಮನೆಯ ಹೊಸ್ತಿಲವರೆಗೆ ನಡೆದರು. ಅಷ್ಟರಲ್ಲಿ ಒಳಗಿನಿಂದ ಅಮ್ಮನ ದನಿ: "ಅಲ್ಲೇ ನಿಲ್ಲಿಯಪ್ಪಾ, ಒಳಗೆ ಮಡಿ!" ಪಾಪ, ಅಡುಗೆಮನೆ ನೋಡಲು ಬಂದವರು ಅಡುಗೆಮನೆಯ ಬಾಗಿಲಲ್ಲೇ ನಿಂತರು. ಜಲಜಾ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಮಣೆಯ ಆಚೆ ಅಗಸೆ ಸೊಪ್ಪು ಬೇಯುತ್ತಿತ್ತು. ಈಚೆ ಕಾರ್ಡು ಬೇಯುತ್ತಿತ್ತು.

ಪರದೆಯ ಬಾಗಿಲು ತೆರೆಯಿತು. "ಅಡಡಾ!" ಎಂದರು ಶಂಕರನಾರಾಯಣ. ನಮ್ಮ ಹೊಸ್ತಿಲು ದಾಟಲಾಗದವರು ಅಲ್ಲಿ ಸರಾಗವಾಗಿ ಒಳನಡೆದರು. ಕಪಾಟು ದಾಟಿ, ಕಿಟಕಿ ದಾಟಿ, ಒಲೆಯ ಕಡೆಗೆ ತಿರುಗುವಷ್ಟರಲ್ಲಿ...

ಗ್ರ್ರ್ರ್ರ್!

ಅಮ್ಮ ನೆಲ್ಲಿಕಾಯಿ ಚಟ್ನಿಗೆ ಮಿಕ್ಸಿ ಹಾಕಿದ್ದರು. ದೀಪ ಮಂಕಾಯಿತು. ಪರದೆ ಕಪ್ಪಾಯಿತು.

"ಅಮ್ಮಾ!" ಎಂದು ಕಿರುಚಿದೆ.

"ಏನೋ? ನೆಲ್ಲಿಕಾಯಿ ಇಲ್ದೆ ದ್ವಾದಶಿಯಾ? ಹೊತ್ತು ಮೀರ್ತಿದೆ!"

ಜಲಜಾ ಆಸೆಪಟ್ಟದ್ದೆಲ್ಲ ನನ್ನ ಒಂದು ಆಯ್ಕೆಯಿಂದ ಮಣ್ಣುಪಾಲಾಯಿತೇ? ಅವಳ ಮುಖ ನೋಡುವ ಧೈರ್ಯ ಬರಲಿಲ್ಲ. ಅವಳೋ, "ಒಂದು ನಿಮಿಷ ಸಾರ್," ಎಂದು ಸೆರಗು ಸಿಕ್ಕಿಸಿ, ಮೊದಲು ಫ್ಯಾನು, ಆಮೇಲೆ ಹಳೇ ಕರೆಂಟು ಡಬ್ಬಿ, ಕೊನೆಗೆ ತೆಳ್ಳನೆಯವನು ಎಂದು ಒಂದೊಂದಾಗಿ ಎಬ್ಬಿಸಿದಳು. ಆ ನಡುವೆ ಶಂಕರನಾರಾಯಣರು ಬಗ್ಗಿ ನೋಡಿ, "ಇದು ಎನ್ನಮ್ಮಾ?" ಎಂದರು. ಅವಳು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ವಿವರಿಸಿದಳು. ಅವರು ಮೆಂತ್ಯದ ಡಬ್ಬಿಯನ್ನು ಬಹಳ ಹೊತ್ತು ನೋಡಿದರು.

ಚಿತ್ರ ಮತ್ತೆ ಬಂತು. ಈ ಸಲ ಮಿಕ್ಸಿ ನಿಲ್ಲಿಸಿದ ಅಮ್ಮನೂ ಮಣೆಯ ಆಚೆಯಿಂದ ಕತ್ತು ಚಾಚಿದ್ದರು. "ಅದು ಸರಿ ಜಲಜಾ, ನೈವೇದ್ಯದ ಪಾತ್ರೆ ಎಲ್ಲಿಡೋದೇ? ಎಲ್ಲದರ ಜೊತೆ ತಾಕೋ ಹಾಗಿದೆಯಲ್ಲೇ?"

ಜಲಜಾ ಮೌಸನ್ನು ನಾಲ್ಕು ಸಲ ಟಿಕ್ ಟಿಕ್ ಎನಿಸಿದಳು. ಒಲೆಯ ಪಕ್ಕದ ಗೋಡೆಯಲ್ಲಿ, ಬೇರೆ ಯಾರ ಕೈಯೂ ತಾಕದ ಮೂಲೆಯಲ್ಲಿ, ಪುಟ್ಟ ಗೂಡೊಂದು ಮೂಡಿತು! "ಇಲ್ಲಿ ಅತ್ತೆ. ಒಲೆ ಮುಂದೆ ನಿಂತ ನಿಮ್ಮ ಕೈಗೆ ಮಾತ್ರ ಎಟುಕುತ್ತೆ."

ಅಮ್ಮ ತೃಪ್ತಿಯಿಂದ ಸೌಟು ಆಡಿಸಿದರು. ಶಂಕರನಾರಾಯಣರು ಹೊಸ್ತಿಲ ಮೇಲೆಯೇ ಚಪ್ಪಾಳೆ ತಟ್ಟಿದರು.

"ಮೈಲಾಪೂರದ ಮಾಮಿಗಳೆಲ್ಲ ಇದನ್ನೇ ಕೇಳೋದು! ನಮ್ಮ ಡಿಸೈನರ್‌ಗಳಿಗೆ ಒಬ್ಬರಿಗೂ ಅರ್ಥ ಆಗ್ಲಿಲ್ಲ. ನೀವು ಮಾಡಿಬಿಟ್ರಿ, ಅದೂ ಇಂಥ ಮೆಷಿನ್ ಇಟ್ಕೊಂಡು! ಒಳ್ಳೇದಿದ್ರೆ ಯಾರು ಬೇಕಾದ್ರೂ ಮಾಡ್ತಾರಮ್ಮಾ. ಕೆಲಸ ನಿಮ್ಮದೇ. ಸೋಮವಾರದಿಂದ ಬನ್ನಿ."

ಜಲಜಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂದಿತ್ತು. ನನ್ನದೂ ತುಂಬಿತ್ತು ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಇಂಥ ಹೊತ್ತಿನಲ್ಲಿ ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ.

"ಕೇಳಿದ್ಯಾ?" ಎಂದು ಎದೆಯುಬ್ಬಿಸಿದೆ. "ಒಳ್ಳೇ ಮೆಷಿನ್ ತಂದಿದ್ರೆ ಈ ಕೆಲಸ ಸಿಕ್ತಿತ್ತಾ? ಎಲ್ಲಾ ನನ್ನ ಸೆಲೆಕ್ಷನ್!"

ಶಂಕರನಾರಾಯಣರು ನನ್ನನ್ನು ಒಮ್ಮೆ ನೋಡಿ, ಚಪ್ಪಲಿ ಮೆಟ್ಟುತ್ತ ಜಲಜಾ ಕಡೆ ತಿರುಗಿದರು. "ಒಂದು ಮಾತು ಮುಂಚೇನೇ ಹೇಳ್ತೀನಮ್ಮಾ. ನಮ್ಮ ಗಿರಾಕಿಗಳೆಲ್ಲ ಹಳೇ ಮನೆಯೋರು. ಒಂದೊಂದು ಮನೇಲೂ ಒಂದು ಹಳೇ ಸಾಮಾನು ಇದ್ದೇ ಇರುತ್ತೆ. ಜಾಗ ಜಾಸ್ತಿ ಬೇಕು, ಸದ್ದು ಜಾಸ್ತಿ, ಕೆಲಸ ಕಮ್ಮಿ. ಆದ್ರೂ ಎಸೆಯೋಕೆ ಮನಸ್ಸು ಬರಲ್ಲ. ಅದನ್ನ ಒಂದು ಕಡೆ ಕೂರಿಸಿ, ಅದರ ಸುತ್ತಲೇ ಎಲ್ಲಾ ಹೊಂದಿಸ್ಕೋಬೇಕು. ನಿಮ್ಮಿಂದ ಆಗುತ್ತಾ?"

ಜಲಜಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಮದುವೆಯಾದಾಗಿಂದ ಅದೇ ಮಾಡ್ತಿದೀನಿ ಸಾರ್."